ಉಪ್ಪು ಅಳುತ್ತಿದೆ, ಕಸ್ಟಮರ್ ಕೇರ್‌ಗೆ ಹೇಳಿ

ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಾಲ್‌ನ ಟೀಪಾಯಿಯ ಮೇಲೆ ನೀರು. ಮೊದಲು ಸೂರು ನೋಡಿದೆ, ಸೋರಿದ ಗುರುತಿಲ್ಲ. ಆಮೇಲೆ ಮಗಳನ್ನು ನೋಡಿದೆ, ಅವಳು ಇನ್ನೂ ಎದ್ದಿರಲಿಲ್ಲ. ಕೊನೆಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದೆ. ಉಪ್ಪು! ಹಿಮಾಲಯದ ಉಪ್ಪಿನ ದೀಪ ರಾತ್ರಿಯಿಡೀ ಒಬ್ಬನೇ ಕೂತು ಅತ್ತಿತ್ತು.

ಮಂಗಳೂರು ಬಿಜೈಯ ಈ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬೆಂಗಳೂರಿನ ಬಾವ ಕೊಟ್ಟ ಉಡುಗೊರೆ ಅದು. ಮೂರು ಕೆ.ಜಿ. ತೂಕದ ಗುಲಾಬಿ ಬಂಡೆ, ಹೊಟ್ಟೆಯೊಳಗೆ 15 ವಾಟಿನ ಬಲ್ಬು. ರಟ್ಟಿನ ಪೆಟ್ಟಿಗೆಯ ಮೇಲೆ ಗಾಳಿ ಶುದ್ಧವಾಗುತ್ತದೆ, ನಿದ್ರೆ ಬರುತ್ತದೆ, ಸಿಟ್ಟು ಇಳಿಯುತ್ತದೆ ಎಂದೆಲ್ಲ ಬರೆದಿತ್ತು. ಇದಕ್ಕೆಲ್ಲ ಕಾರಣ ದೀಪ ಹೊರಸೂಸುವ ಋಣ ಅಯಾನುಗಳಂತೆ. ಇಪ್ಪತ್ತು ವರ್ಷದ ಗೃಹಸಾಲ ಇರುವ ಮನೆಗೆ ಇನ್ನಷ್ಟು ಋಣ ತಂದುಕೊಟ್ಟ ಬಾವನ ದೊಡ್ಡ ಮನಸ್ಸಿಗೆ ಏನು ಹೇಳಲಿ? ಉಪ್ಪು ಕರಗಿ ಹರಿಯಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂಥ ಗಟ್ಟಿ ಪದಾರ್ಥ ಒಂದು ನೈಟ್‌ಲ್ಯಾಂಪಿನ ಬಿಸಿಗೆ ಮನಸೋತು ಅಯಾನು ಬಿಟ್ಟುಕೊಡುತ್ತದೆ ಎಂದು ನಂಬಲು ಹತ್ತನೇ ತರಗತಿಯ ರಸಾಯನಶಾಸ್ತ್ರವನ್ನು ಪೂರ್ತಿ ಮರೆತಿರಬೇಕು. ನಾನು ಮರೆತಿದ್ದೆ.

ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ.

"ಮೇಡಂ, ದೀಪ ಅಳುತ್ತಿದೆ."

"ಸರ್, ನಿಮ್ಮ ಕೋಣೆಯಲ್ಲಿ ತೇವ ಇದೆಯಾ?"

"ಕೋಣೆಯಲ್ಲಿ ಮಾತ್ರ ಅಲ್ಲ, ಇಡೀ ಜಿಲ್ಲೆಯಲ್ಲೇ ಉಂಟು."

"ತೇವ ಇಲ್ಲದ ಜಾಗದಲ್ಲಿ ಇಡಿ ಸರ್."

ಹಾಗೆ ಇಡಬೇಕಾದರೆ ಟೀಪಾಯಿ ಸಮೇತ ಶಿರಾಡಿ ಘಾಟಿ ಹತ್ತಿ ಹಾಸನ ದಾಟಬೇಕು. ಅದನ್ನೇ ಹೇಳಿದೆ. ಆಕೆ ತಾಳ್ಮೆಯಿಂದ, ಹಾಗಾದರೆ ಇಪ್ಪತ್ತನಾಲ್ಕು ಗಂಟೆಯೂ ಉರಿಸಿ, ಬಿಸಿಯಾಗಿದ್ದರೆ ಅಳುವುದಿಲ್ಲ ಎಂದಳು. ಅಂದರೆ ನೆಮ್ಮದಿ ಕೊಡಲು ಬಂದ ದೀಪಕ್ಕೆ ಈಗ ನಾವು ಹಗಲೂ ರಾತ್ರಿ ನೆಮ್ಮದಿ ಕೊಡಬೇಕು.

ಊರಿನಿಂದ ಬಂದಿದ್ದ ಅಮ್ಮ ಕಾಫಿ ಕುಡಿಯುತ್ತ ಎಲ್ಲ ಕೇಳುತ್ತಿದ್ದರು. "ಮಳೆಗಾಲದಲ್ಲಿ ಉಪ್ಪು ಅಳದೆ ಮತ್ತೆಂತ ನಗುತ್ತದಾ ಮಾರಾಯ? ಅದಕ್ಕೇ ಅಲ್ವಾ ಮರಿಗೆಯಲ್ಲಿ ಹಾಕಿ ಮುಚ್ಚಿ ಇಡುವುದು. ಒಳಗೆ ಬಲ್ಬು ಹಾಕಿ ಪ್ರದರ್ಶನಕ್ಕೆ ಇಟ್ಟರೆ ಯಾರಿಗಾದರೂ ಅಳು ಬರುತ್ತದೆ."

ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಅಂಕಿಯಿಂದ ಕೆಳಗಿಳಿಯುವ ದಿನಗಳೇ ಅಪರೂಪ. ಅಮ್ಮನಿಗೆ ಅಂಕಿ ಗೊತ್ತಿಲ್ಲ, ಮರಿಗೆ ಗೊತ್ತಿದೆ. ಬಾವನಿಗೆ ಎರಡೂ ಗೊತ್ತಿಲ್ಲ, ಕ್ರೆಡಿಟ್ ಕಾರ್ಡ್ ಇದೆ.

ಇನ್ನೊಂದು ಮಾತು. ಹಿಮಾಲಯದ್ದು ಎಂದು ಹೆಸರಿಟ್ಟ ಈ ಗುಲಾಬಿ ಉಪ್ಪು ಬರುವುದು ಹಿಮಾಲಯದಿಂದಲ್ಲ, ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ. ನಮ್ಮ ಹಿರಿಯರು ಸೈಂಧವ ಲವಣ ಎಂದು ಕರೆದು ಊರನ್ನು ಹೆಸರಿನಲ್ಲೇ ಬರೆದಿಟ್ಟಿದ್ದರು. ಪಂಡಿತರ ಅಂಗಡಿಯಿಂದ ಒಂದು ಚಿಟಿಕೆ ತಂದು ಅಜೀರ್ಣಕ್ಕೆ ನೆಕ್ಕುತ್ತಿದ್ದರು, ಅಷ್ಟೇ. 2025ರ ಮೇ 2ರಂದು ಭಾರತ ಪಾಕಿಸ್ತಾನದಿಂದ ಬರುವ ಎಲ್ಲ ಆಮದನ್ನೂ ನಿಲ್ಲಿಸಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಆ ದಿನ ಪಟಾಕಿ ಚಿತ್ರ ಹಾಕಿದವರ ಪೈಕಿ ನಾಲ್ವರ ಹಾಲ್‌ನಲ್ಲಿ ಖೇವ್ರಾದ ಬಂಡೆ ಉರಿಯುತ್ತಿತ್ತು. ನಾನು ಹೇಳಲು ಹೋಗಲಿಲ್ಲ. ಸೊಸೈಟಿಯ ಸಭೆಯಲ್ಲಿ ನನ್ನ ಪಾರ್ಕಿಂಗ್ ವಿಚಾರ ಬಾಕಿ ಉಂಟು.

ದೀಪವಾದರೂ ಮೂಕ ಪ್ರಾಣಿ. ಎದುರು ಮನೆಯ ಶೆಟ್ರ ಮನೆಯಲ್ಲಿ ನಡೆಯುವುದು ಯಂತ್ರಗಳ ಕಾಳಗ. ಅವರ ಹೆಂಡತಿಯ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯಿತೆಂದು ಕಪಾಟಿನ ಕೋಣೆಗೆ ಗಾಳಿಯ ತೇವ ಹೀರುವ ಯಂತ್ರ ತಂದರು. ಮಗಳು ಯಾವುದೋ ವಿಡಿಯೊ ನೋಡಿ ಮಲಗುವ ಕೋಣೆಗೆ ಗಾಳಿಗೆ ತೇವ ಉಗುಳುವ ಯಂತ್ರ ತರಿಸಿದಳು, ಅದರಲ್ಲಿ ಲ್ಯಾವೆಂಡರ್ ಎಣ್ಣೆ ಎರಡು ತೊಟ್ಟು. ಒಂದು ಯಂತ್ರ ಇಲ್ಲಿ ಹೀರುತ್ತದೆ, ಇನ್ನೊಂದು ಅಲ್ಲಿ ಉಗುಳುತ್ತದೆ, ಮೆಸ್ಕಾಂ ಎರಡಕ್ಕೂ ಬಿಲ್ಲು ಕೊಡುತ್ತದೆ. ಮನೆಯಲ್ಲಿ ಬುದ್ಧಿವಂತರು ಶೆಟ್ರ ಹೆಂಡತಿಯೇ. ಸಂಜೆ ಹೀರುವ ಯಂತ್ರದ ತೊಟ್ಟಿಯಲ್ಲಿ ತುಂಬಿದ ನೀರನ್ನು ಚೆಲ್ಲದೆ ಉಗುಳುವ ಯಂತ್ರಕ್ಕೆ ಹೊಯ್ಯುತ್ತಾರೆ. "ನೀರು ದಂಡ ಮಾಡಬಾರದು ನೋಡಿ" ಎನ್ನುತ್ತಾರೆ.

ಅದೇ ಮಗಳಿಗೆ ನಿದ್ರೆಗೆ ಒಂದು ಆ್ಯಪ್ ಬೇರೆ. ತಿಂಗಳ ಚಂದಾ ಕಟ್ಟಿದರೆ ಮಳೆಯ ಸದ್ದು ಕೇಳಿಸುತ್ತದೆ. ಜುಲೈ ತಿಂಗಳು, ತಾರಸಿಗೆ ಹೊದಿಸಿದ ತಗಡು ಶೀಟಿನ ಮೇಲೆ ನಿಜವಾದ ಮಳೆ ಡೋಲು ಬಡಿಯುತ್ತಿದೆ. ಆ ಗಲಾಟೆ ಕೇಳಬಾರದೆಂದು ಕಿಟಕಿ ಮುಚ್ಚಿ, ಎ.ಸಿ. ಹಾಕಿ, ಕಿವಿಗೆ ಇಯರ್‌ಫೋನ್ ತುರುಕಿ ಹುಡುಗಿ ಯಾವುದೋ ದೇಶದ ಮಳೆ ಕೇಳುತ್ತ ಮಲಗುತ್ತದೆ.

ಕಿಟಕಿ ಮುಚ್ಚುವುದಕ್ಕೆ ಕಾರಣ ಮಳೆಯೊಂದೇ ಅಲ್ಲವೆನ್ನಿ. ತೆರೆದರೆ ಸೊಳ್ಳೆ, ಮುಚ್ಚಿದರೆ ಬೂಷ್ಟು. 1990ರ ದಶಕದಲ್ಲಿ ಬಹುಮಹಡಿ ಕಟ್ಟಡಗಳ ಭರಾಟೆ ಶುರುವಾದಾಗ ಅವುಗಳ ಜತೆಗೇ ಮಲೇರಿಯಾವೂ ಮಂಗಳೂರಿಗೆ ಮರಳಿ ಬಂತು. ಕ್ಯೂರಿಂಗ್‌ಗೆಂದು ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಎಲ್ಲವೂ ಸೊಳ್ಳೆಗೆ ಹೆರಿಗೆ ಆಸ್ಪತ್ರೆ. ನಮ್ಮ ಕಟ್ಟಡದ ಪಕ್ಕದಲ್ಲೇ ಈಗೊಂದು ಪಾಯ ತೋಡಿಟ್ಟಿದ್ದಾರೆ, ಎರಡು ಮಳೆಗಾಲದಿಂದ ಅದು ಕೆರೆ. ಅದನ್ನು ಮುಚ್ಚಿಸಿ ಎಂದು ಅರ್ಜಿ ಕೊಡಲು ಸಹಿ ಕೇಳಿದೆ. ನಲವತ್ತೆರಡು ಮನೆಗಳಲ್ಲಿ ಸಹಿ ಹಾಕಿದ್ದು ಐದು. ಉಳಿದವರು ಲಿಂಬೆಹುಲ್ಲಿನ ಎಣ್ಣೆ, ಸೊಳ್ಳೆ ಬ್ಯಾಟು, ಮೊಬೈಲಿನಲ್ಲಿ ಕೀಂಯ್ ಎನ್ನುವ ಸೊಳ್ಳೆ ಓಡಿಸುವ ಆ್ಯಪ್ ಇವುಗಳ ಲಿಂಕು ಕಳಿಸಿದರು. ಬೀದಿಯಲ್ಲಿ ನಿಂತು ಕೇಳಬೇಕಾದ್ದನ್ನೆಲ್ಲ ನಾವು ಮನೆಯೊಳಗೆ ಕೂತು ಆರ್ಡರ್ ಮಾಡುತ್ತೇವೆ. ಅರ್ಜಿಗೆ ಡಿಸ್ಕೌಂಟ್ ಇಲ್ಲ, ಅದೇ ತೊಂದರೆ.

ನೀರಿನ ಕಥೆಗೂ ಉಪ್ಪಿಗೂ ಸಂಬಂಧ ಉಂಟು. ಒಂದು ದಿನ ಟೈ ಕಟ್ಟಿದ ಹುಡುಗನೊಬ್ಬ ಬಂದು ನಮ್ಮ ನಳ್ಳಿ ನೀರಿಗೆ ಪೆನ್ನಿನಂಥದ್ದೊಂದು ಅದ್ದಿದ. "ಟಿಡಿಎಸ್ ಅರವತ್ತೆರಡು ಸರ್!" ಎಂದ, ಜ್ವರ ನೂರನಾಲ್ಕು ಎನ್ನುವ ದನಿಯಲ್ಲಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಅರವತ್ತೆರಡೆಂದರೆ ನೇತ್ರಾವತಿಗೆ ಕೈಮುಗಿಯಬೇಕು. ಹುಡುಗ ಬಿಡಲಿಲ್ಲ. ಎರಡು ಕಬ್ಬಿಣದ ಕಡ್ಡಿಗಳಿರುವ ಸಾಧನವನ್ನು ಲೋಟದಲ್ಲಿ ಮುಳುಗಿಸಿ ಕರೆಂಟು ಕೊಟ್ಟ. ನೀರು ಕಂದು ಬಣ್ಣಕ್ಕೆ ತಿರುಗಿ ನಮ್ಮ ಎದೆ ಒಡೆಯಬೇಕಿತ್ತು. ಆ ಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣ. ಅದು ಬಿಡಲು ನೀರಿನಲ್ಲಿ ಸಾಕಷ್ಟು ಲವಣ ಇರಬೇಕು. ನಮ್ಮ ನೀರಿನಲ್ಲಿ ಅಷ್ಟಿಲ್ಲ. ಐದು ನಿಮಿಷ ಕಾದರೂ ಲೋಟದ ನೀರು ಬಣ್ಣಗೆಡಲಿಲ್ಲ. ಪಾಪ, ಹುಡುಗನ ಹಣೆ ಬೆವರಿತು. "ಆಂಟಿ, ಸ್ವಲ್ಪ ಉಪ್ಪು ಉಂಟಾ?" ಎಂದು ನನ್ನ ಹೆಂಡತಿಯನ್ನು ಕೇಳಿದ. ಅವಳು ಟೀಪಾಯಿಯ ಕಡೆ ಕೈ ತೋರಿಸಿದಳು.

ಅವನು ಮಾರುವ ಯಂತ್ರ ನೀರಿನ ಲವಣವನ್ನೆಲ್ಲ ತೆಗೆದು, ಆಮೇಲೆ ಲವಣದ ಕಾಟ್ರಿಜ್ಜಿನಿಂದ ಸ್ವಲ್ಪ ವಾಪಸ್ ಹಾಕುತ್ತದೆ. ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಮೋರಿಗೆ ಬಿಡುತ್ತದೆ. ಲವಣ 500ಕ್ಕಿಂತ ಕಡಿಮೆ ಇರುವ ಕಡೆ ಇಂಥ ಆರ್‌ಒ ಯಂತ್ರ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರಕಾರಕ್ಕೆ ಸೂಚಿಸಿದ್ದು 2019ರ ಮೇ ತಿಂಗಳಲ್ಲಿ. ಅದೇ ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಮಂಗಳೂರಿನವರು ಪಾಳಿಯ ಪ್ರಕಾರ ಬಿಡುವ ನೀರಿಗೆ ಕೊಡ, ಬಕೆಟ್ಟು, ಪಾಯಸದ ಉರುಳಿ ಎಲ್ಲ ಹಿಡಿದು ಕಾದಿದ್ದರು. ಆಗಲೂ ಆರ್‌ಒ ಯಂತ್ರಗಳು ಮೋರಿಗೆ ನೀರು ಬಿಡುತ್ತಲೇ ಇದ್ದವು. ಅಮ್ಮ ಈಗಲೂ ಜೀರಿಗೆ ಹಾಕಿ ಕುದಿಸಿದ ನೀರು ಕುಡಿಯುತ್ತಾರೆ. ಅದರ ವಾರಂಟಿ ಎಷ್ಟು ವರ್ಷ ಎಂದು ಹುಡುಗ ಕೇಳಲಿಲ್ಲ. ಅಮ್ಮನಿಗೆ ಎಪ್ಪತ್ತೊಂಬತ್ತು.

ಇಷ್ಟು ಓದಿ 'ಅಜ್ಜಿಯ ಕಾಲವೇ ಚೆಂದ' ಎಂದು ನಿಟ್ಟುಸಿರು ಬಿಡಲು ಹೊರಟಿದ್ದರೆ ದಯವಿಟ್ಟು ನಿಲ್ಲಿಸಿ. ಅಜ್ಜಿಯ ಕಾಲ ಮಾರುವವರ ಅಂಗಡಿ ಇನ್ನೂ ದೊಡ್ಡದು. ಕಳೆದ ಜುಲೈಯಲ್ಲಿ ನಗರದ ಒಂದು ಹವಾನಿಯಂತ್ರಿತ ಸಭಾಂಗಣಕ್ಕೆ ತುಳುವರ ಆಟಿ ತಿಂಗಳ 'ಆಟಿಡೊಂಜಿ ದಿನ'ಕ್ಕೆಂದು ಅಮ್ಮನನ್ನು ಕರೆದುಕೊಂಡು ಹೋದೆ. ಬಾಗಿಲಲ್ಲಿ ಕಡೆಯುವ ಕಲ್ಲು, ಹಾಳೆಯ ಬೀಸಣಿಗೆ, ಸೆಲ್ಫಿಗೆ ಒಂದು ಮುಳಿಹುಲ್ಲಿನ ಗುಡಿಸಲು. ಒಳಗೆ ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ, ಉಪ್ಪುಸೊಳೆ ಎಂದು ಇಪ್ಪತ್ತೆರಡು ಬಗೆ. ವೇದಿಕೆಯಲ್ಲಿ ಒಬ್ಬರು ನಮ್ಮ ಹಿರಿಯರ ಆಹಾರ ಜ್ಞಾನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಮ್ಮ ನನ್ನ ಕಿವಿಯಲ್ಲಿ, "ಜ್ಞಾನ ಎಂತದ್ದು? ಆಟಿಯಲ್ಲಿ ಅಕ್ಕಿ ಮುಗಿಯುತ್ತಿತ್ತು. ಬೇಲಿಯಲ್ಲಿ ಇದ್ದದ್ದು ತಜಂಕು, ಅದನ್ನು ತಿಂದೆವು" ಎಂದರು. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಪಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವುದು, ಮೇಲೆ ಮೆಂತೆ ಗಂಜಿ ಉಣ್ಣುವುದು, ಇದನ್ನು ಅಮ್ಮ ಈಗಲೂ ಬಿಟ್ಟಿಲ್ಲ. ಆದರೆ ಕಡೆಯುವ ಕಲ್ಲನ್ನು ಕಂಡಾಗ ಅವರು ಕಣ್ಣರಳಿಸಲಿಲ್ಲ, ಭುಜ ಒತ್ತಿಕೊಂಡರು. ಒಲೆಯ ಹೊಗೆಗೆ ಅವರ ಅತ್ತೆ ಜೀವನವಿಡೀ ಕೆಮ್ಮಿದ್ದು ಯಾವ ಸೆಲ್ಫಿಯಲ್ಲೂ ಬರುವುದಿಲ್ಲ. ಅಮ್ಮನ ಪ್ರಕಾರ ಮನೆಯೊಳಗೆ ಬಂದ ನಿಜವಾದ ಸುಖದ ಸಾಮಾನು ಮೂರೇ: ಗ್ಯಾಸು, ಮಿಕ್ಸಿ, ಸೊಳ್ಳೆಪರದೆ. ನಾಲ್ಕನೆಯದು ಕೇಳಿದರೆ ಸ್ವಲ್ಪ ಯೋಚಿಸಿ, "ಸೀರಿಯಲ್" ಎನ್ನುತ್ತಾರೆ.

ನನ್ನ ಕೈಗೂ ಒಂದು ಗಡಿಯಾರ ಬಂದಿದೆ, ಹೆಜ್ಜೆ ಎಣಿಸುವಂಥದ್ದು. ದಿನಕ್ಕೆ ಹತ್ತು ಸಾವಿರ. ಈ ಸಂಖ್ಯೆ ವೈದ್ಯರ ಚೀಟಿಯಿಂದ ಬಂದದ್ದಲ್ಲ; ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ತನ್ನ ಹೆಜ್ಜೆಯಂತ್ರಕ್ಕೆ ಇಟ್ಟ ಹೆಸರು, 'ಹತ್ತು ಸಾವಿರ ಹೆಜ್ಜೆಯ ಮೀಟರು'. ಅದನ್ನು ಪೂರೈಸಲು ಬಿಜೈಯಿಂದ ಕದ್ರಿ ಪಾರ್ಕಿಗೆ ನಾನು ಕಾರಿನಲ್ಲಿ ಹೋಗುತ್ತೇನೆ. ನಡೆದೇ ಹೋಗಬಹುದಾದ ದೂರ. ಆದರೆ ದಾರಿಯ ಫುಟ್‌ಪಾತಿನಲ್ಲಿ ಒಂದು ಚಪ್ಪಡಿ ಇದ್ದರೆ ಇನ್ನೊಂದು ಇಲ್ಲ, ಇದ್ದದ್ದರ ಮೇಲೆ ಸ್ಕೂಟರು. ಹಾಗಾಗಿ ನಡೆಯಲು ಪೆಟ್ರೋಲು ಬೇಕು. ಪಾರ್ಕಿನಲ್ಲಿ ಆರು ಸುತ್ತು ಮುಗಿಸಿ ನಮ್ಮ ಗುಂಪು ಹೋಟೆಲಿನಲ್ಲಿ ಸೇರುತ್ತದೆ. ಬನ್ಸ್ ಒಂದು ಪ್ಲೇಟು, ಗೋಳಿಬಜೆ ಎರಡು. ಗಡಿಯಾರಕ್ಕೆ ಹೆಜ್ಜೆ ಎಣಿಸಲು ಬರುತ್ತದೆ, ಗೋಳಿಬಜೆ ಎಣಿಸಲು ಬರುವುದಿಲ್ಲ. ಅದೊಂದು ಅದರ ದೊಡ್ಡ ಗುಣ.

ಆ ಹೋಟೆಲಿನ ಗೋಡೆಗೆ ಹಂಚುಗಳನ್ನು ಸಿಮೆಂಟಿನಿಂದ ಅಂಟಿಸಿದ್ದಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು; ಈ ಊರಿನ ಮಣ್ಣು ಈ ಊರಿನ ಮಳೆಯನ್ನು ತಡೆಯಿತು. ಮಳೆ ಒಳಗೆ ಬಾರದು, ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಈಗ ಕಾಂಕ್ರೀಟು ಸೂರಿನ ಕೆಳಗೆ ಎ.ಸಿ. ಹಾಕಿ, ಹಂಚನ್ನು ಗೋಡೆಗೆ ಮೆತ್ತಿ ಕೆಳಗೆ ಪುಟ್ಟ ಬಲ್ಬು ಉರಿಸುತ್ತಾರೆ. ಬಲ್ಬು ಹಾಕದ ಹೊರತು ನಮಗೆ ಯಾವುದೂ ಕಾಣಿಸುವುದಿಲ್ಲ ಅಂತ ಕಾಣುತ್ತದೆ.

ನಮ್ಮ ದೀಪದ ಕಥೆ ಮುಗಿಯಿತು. ಆಗಸ್ಟ್‌ ಹೊತ್ತಿಗೆ ಅದು ಅತ್ತು ಅತ್ತು ಎರಡು ಕೆ.ಜಿ.ಗೆ ಇಳಿದಿತ್ತು, ನಮ್ಮ ಮನೆಯಲ್ಲಿ ಈ ವರ್ಷ ತೂಕ ಇಳಿಸಿದ್ದು ಅದೊಂದೇ. ಅಮ್ಮ ಊರಿಗೆ ಹೊರಟಾಗ ಅದನ್ನು ಹಳೆ ಟವೆಲಿನಲ್ಲಿ ಸುತ್ತಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹತ್ತಿದರು. ಬಾವಿಕಟ್ಟೆಯ ಹತ್ತಿರದ ತೆಂಗಿನ ಬುಡ ಬಿಡಿಸಿ, ಎರಡು ಬುಟ್ಟಿ ಸೊಪ್ಪಿನ ಜತೆ ಹಾಕಿ ಮಣ್ಣು ಮುಚ್ಚಿದರಂತೆ. ತೆಂಗಿಗೆ ಉಪ್ಪು ಕೊಡುವುದು ಹೇಗೂ ರೂಢಿಯಲ್ಲಿ ಇದ್ದದ್ದೇ. ಬಾವನಿಗೆ ಇನ್ನೂ ಹೇಳಿಲ್ಲ, ಈ ಬರಹ ಓದಿ ತಿಳಿಯಲಿ. ಬಲ್ಬನ್ನು ಅಮ್ಮ ಬಿಚ್ಚಿ ನನಗೇ ಕೊಟ್ಟು ಹೋಗಿದ್ದಾರೆ. ಒಳ್ಳೆ ಸ್ಥಿತಿಯಲ್ಲಿದೆ, ಬೇಕಾದವರು ಬಂದು ಕೊಂಡುಹೋಗಬಹುದು. ಬರುವಾಗ ಆ ಪಾಯದ ಅರ್ಜಿಗೆ ಸಹಿ ಹಾಕಲು ಒಂದು ಪೆನ್ನು ತನ್ನಿ.