ಬೊಟ್ಟು ಅಳಿಸಿ, ಪಂಚೆ ಹಾಸಿ

ತವರಿಗೆ ಬಂದ ಬಾಣಂತಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ದುಬೈಯಿಂದಲೋ ಡಲ್ಲಾಸಿನಿಂದಲೋ ಅಳಿಯಂದಿರ ಫೋನು ಬರುತ್ತದೆ. 'ಕೂಸಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕ್ಬೇಕು, ಫೋಟೋ ಮನೇಲೇ ತೆಗೆದುಬಿಡಿ, ಸುಲಭ.' ಸುಲಭ ಎಂದವರು ಸಮುದ್ರದಾಚೆ ಕೂತಿದ್ದಾರೆ ಎಂಬುದನ್ನು ದಯವಿಟ್ಟು ಗಮನಿಸಿ.

ಇದರಲ್ಲಿ ಸರ್ಕಾರದ ಜಾಣತನವೂ ಇದೆ. ದೊಡ್ಡವರ ಫೋಟೋವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದವರೇ ಕೂರಿಸಿ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನವರದ್ದನ್ನು ಮಾತ್ರ ಬಿಳಿ ಹಿನ್ನೆಲೆಯಲ್ಲಿ, 4.5 × 3.5 ಸೆಂ.ಮೀ. ಅಳತೆಗೆ, ನಾವೇ ಒಯ್ಯಬೇಕು. ಅಂದರೆ ಹೇಳಿದಂತೆ ಕೂರುವವರು ಅವರ ಪಾಲಿಗೆ, ಕೂರದವರು ನಮ್ಮ ಪಾಲಿಗೆ! 2017ರ ಜನವರಿಯಲ್ಲಿ ಮೈಸೂರಿನಲ್ಲಿ ಅಂಚೆ ಇಲಾಖೆಯ ಜೊತೆಗೂಡಿ ಕೇಂದ್ರ ತೆರೆದ ಮೇಲೆ ನಮ್ಮ ಕಡೆಯವರು ಬೆಂಗಳೂರಿಗೆ ಓಡುವುದು ತಪ್ಪಿತು, ನಿಜ. ಫೋಟೋ ಮಾತ್ರ ಇನ್ನೂ ಪಡಸಾಲೆಯಲ್ಲೇ ಆಗಬೇಕು. ಸ್ಟುಡಿಯೋಗೆ ಹೋಗಬಹುದಲ್ಲ ಅನ್ನುತ್ತೀರಾ? ಕೂಸನ್ನು ಹೊಸಿಲು ದಾಟಿಸಲು ಮೊದಲು ಅಜ್ಜಿ ಒಪ್ಪಲಿ.

ಮೊದಲ ಗಂಡಾಂತರ ಬಿಳಿ ಬಟ್ಟೆಯದು. ನಮ್ಮ ಕೊಳ್ಳೇಗಾಲ ಹೇಳಿಕೇಳಿ ರೇಷ್ಮೆಯ ಊರು. ಬೀರು ತೆರೆದರೆ ಮಾವಿನ ಚಿಗುರು, ಆನಂದ ನೀಲಿ, ಅರಿಸಿನ, ರಾಣಿ ಬಣ್ಣ ಎಲ್ಲವೂ ಉಂಟು, ಅಪ್ಪಟ ಬಿಳುಪೊಂದು ಬಿಟ್ಟು. ಇದ್ದರೂ ರೇಷ್ಮೆ ಹೊಳೆಯುತ್ತದೆ, ಫೋಟೋದಲ್ಲಿ ಹೊಳಪು ಕೂಡದು. ಕೊನೆಗೆ ಎಲ್ಲರ ಕಣ್ಣೂ ತಾತನ ಪಂಚೆಯ ಮೇಲೆ ಬೀಳುತ್ತದೆ. ಅಂಚು ಮಡಿಸಿ ಒಳಗೆ ಸೇರಿಸಿ, ಬಾಗಿಲ ಬೆಳಕು ಬೀಳುವ ಕಡೆ ಚಾಪೆಯ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಕೂಸನ್ನು ಅಂಗಾತ ಮಲಗಿಸುವುದು. ಅಂಗಿ ಗಾಢ ಬಣ್ಣದ್ದಿರಲಿ. ಬಿಳಿ ಜುಬ್ಬ ತೊಡಿಸಿದರೆ ಪಂಚೆಯ ನಡುವೆ ಬರೀ ತಲೆಯೊಂದು ತೇಲುತ್ತದೆ. ಫೋನ್ ಹಿಡಿದವನು ಮೇಲಿಂದ ಬಗ್ಗಿದರೆ ಅವನ ನೆರಳೇ ಕೂಸಿನ ಮುಖದ ಮೇಲೆ. ಆದ್ದರಿಂದ ಬೆಳಕಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿದು ಬಗ್ಗಬೇಕು. ಅಷ್ಟು ಹೊತ್ತೂ ತಾತ ಟವೆಲ್ ಸುತ್ತಿಕೊಂಡು ಒಳಮನೆಯಲ್ಲಿ ಬಂದಿ.

ಎರಡನೆಯದು ದೃಷ್ಟಿ ಬೊಟ್ಟು. ಎರಡು ಕಣ್ಣಿಗೆ ಕಿವಿಯವರೆಗೆ ಕಾಡಿಗೆ, ಹಣೆಗೊಂದು, ಕೆನ್ನೆಗೊಂದು, ಇನ್ನೂ ಅನುಮಾನ ಉಳಿದರೆ ಗಲ್ಲಕ್ಕೊಂದು. ಮುಖ ಇದ್ದ ಹಾಗೇ ಕಾಣಬೇಕು ಎಂದು ಅಧಿಕಾರಿಗಳು, ಮುಖ ಯಾರ ಕಣ್ಣಿಗೂ ಬೀಳಬಾರದು ಎಂದು ಅಜ್ಜಿ. 'ಬೊಟ್ಟಿಲ್ದೆ ಎಂಗ್ ಮೊಗಾ? ಯಾವ್ ಆಪೀಸರ ಕಣ್ಣು ಎಂಗದೋ ಏನೋ!' ಈ ವಾದಕ್ಕೆ ನಿಯಮದ ಪುಸ್ತಕದಲ್ಲಿ ಉತ್ತರವಿಲ್ಲ. ಅಂಗಾಲಿಗೆ ಇಡಿ, ಫೋಟೋದಲ್ಲಿ ಕಾಲು ಬರುವುದಿಲ್ಲ ಎಂದರೆ ಒಪ್ಪಂದಕ್ಕೆ ಬರುತ್ತಾರೆ. ಮುತ್ತಜ್ಜಿ ಇನ್ನೂ ಇದ್ದರೆ ಅಷ್ಟಕ್ಕೆ ಬಿಡುವವರಲ್ಲ, ತಮ್ಮ ಕಾಲದ ಮಾತು ತೆಗೆಯುತ್ತಾರೆ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದು, ಪಕ್ಕದ ಯಳಂದೂರು ಮೈಸೂರು ಸೀಮೆಯದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ನೆಲ. ಕೂಸನ್ನು ಕಂಕುಳಲ್ಲಿಟ್ಟು ಇಂಗ್ಲಿಷರ ರಾಜ್ಯದಿಂದ ಮಹಾರಾಜರ ರಾಜ್ಯಕ್ಕೆ ನೆಂಟರ ಮನೆಗೆ ಹೋಗಿ ಬರುತ್ತಿದ್ದವರನ್ನು ಆಗ ಯಾರೂ ಫೋಟೋ ಕೇಳಲಿಲ್ಲ, ಬೊಟ್ಟು ಅಳಿಸು ಎನ್ನಲಿಲ್ಲ.

ಇನ್ನು ಕೂದಲು. ಹನೂರಿನ ಕಡೆಯ ಮನೆಯಾದರೆ ಹುಟ್ಟುಗೂದಲು ಮಾದಪ್ಪನ ಸ್ವತ್ತು. ಬೆಟ್ಟದಲ್ಲಿ ಮುಡಿ ಕೊಡುವತನಕ ಕತ್ತರಿ ಸೋಕಿಸುವಂತಿಲ್ಲ. ಅದೋ ಹಣೆ ದಾಟಿ ಕಣ್ಣಿಗೆ ಬಂದಿದೆ, ಕಣ್ಣು ಮುಚ್ಚಿದರೆ ಫೋಟೋ ತಿರಸ್ಕಾರ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದರೆ ಹಣೆ ಮಿಂಚುತ್ತದೆ. ಒದ್ದೆ ಕೈಯಲ್ಲಿ ಸವರುವುದೇ ಮೇಲು. ಮುಡಿ ಕೊಟ್ಟಾದ ಮೇಲೇ ತೆಗೆಯೋಣ ಎಂದರೆ ಮಾದಪ್ಪ ಕಾದಾನು, ವೀಸಾ ಕಾಯುವುದಿಲ್ಲ. ಈಗ ತೆಗೆದು, ಆಮೇಲೆ ಬೆಟ್ಟಕ್ಕೆ ಹೋಗಿ ಬಂದರೆ, ವಿಮಾನ ನಿಲ್ದಾಣದಲ್ಲಿ ಬೋಳು ತಲೆಯ ಕೂಸು, ಪುಸ್ತಕದಲ್ಲಿ ಜೊಂಪೆ ಕೂದಲಿನದು. ಆದರೂ ನನ್ನ ಓಟು ಈಗಲೇ ತೆಗೆಯುವುದಕ್ಕೆ.

ಹೊತ್ತು ಯಾವುದು? ಎಣ್ಣೆನೀರು ಎರೆದು ಸಾಂಬ್ರಾಣಿ ಹೊಗೆ ಕೊಟ್ಟ ಮೇಲಂತೂ ಬೇಡ, ಮಾದಪ್ಪನೇ ಬಂದು ಕರೆದರೂ ಕಣ್ಣು ಬಿಡುವುದಿಲ್ಲ. ನಿದ್ದೆ ಮುಗಿಸಿ, ಅರೆಹೊಟ್ಟೆ ಹಾಲು ಕುಡಿದು, ಸೂರು ನೋಡುತ್ತಾ ಯೋಚಿಸುವ ಒಂದು ಗಳಿಗೆ ಇರುತ್ತದಲ್ಲ, ಅದೇ ಮುಹೂರ್ತ. ಆಗ ಬಾಯಿ ಮುಚ್ಚಿರುತ್ತದೆ, ಕಣ್ಣು ತೆರೆದಿರುತ್ತದೆ, ಮುಖದಲ್ಲಿ ತಹಸೀಲ್ದಾರರ ಗಾಂಭೀರ್ಯ. ಆ ಗಳಿಗೆಯನ್ನು ಕೆಡಿಸಲೆಂದೇ ಮನೆ ತುಂಬ ಜನ. ಚಿಕ್ಕಮ್ಮ ಗಿಲಕಿ ಆಡಿಸುತ್ತಾರೆ, ಕೂಸು ಪಕ್ಕಕ್ಕೆ ತಿರುಗುತ್ತದೆ. ಸೋದರಮಾವ ಚಪ್ಪಾಳೆ ತಟ್ಟುತ್ತಾನೆ, ಕೂಸು ಬೊಚ್ಚುಬಾಯಿ ಬಿಟ್ಟು ನಗುತ್ತದೆ, ನಕ್ಕರೆ ನಡೆಯುವುದಿಲ್ಲ. 'ನಕ್ಕಂಡದಲ್ಲ, ಎಷ್ಟ್ ಚೆಂದಾಗದ, ಅದ್ನೇ ಕಳುಸ್ರಿ' ಎಂದು ಬಾಗಿಲಾಚೆಯಿಂದ ನೆರೆಯವರ ತೀರ್ಪು. ಕತ್ತು ನಿಲ್ಲದ ಕೂಸೆಂದು ಯಾರೋ ತಲೆ ಹಿಡಿದರೆ ಬಳೆ ಸಮೇತ ಕೈ ಫೋಟೋದೊಳಗೆ. ನಿಜ ಹೇಳಬೇಕೆಂದರೆ ಈ ಇಡೀ ಪ್ರಕರಣದಲ್ಲಿ ನಿಯಮ ಪಾಲಿಸುವ ಆಸಾಮಿ ಕೂಸೊಂದೇ. ಒಬ್ಬರು ಫೋನಿಗೆ, ಒಬ್ಬರು ಫೋನಿನ ಹಿಂದೆ ಸದ್ದು ಮಾಡಲು ಇದ್ದರೆ ಸಾಕು. ಮಿಕ್ಕವರನ್ನು ಭರಚುಕ್ಕಿ ನೋಡಿ ಬನ್ನಿ ಎಂದು ಕಳಿಸಿಬಿಡಿ.

ಕೂಸು ಸಮುದ್ರದಾಚೆಯೇ ಹುಟ್ಟಿದ್ದರೆ ಬೇರೆ ಲೆಕ್ಕ. ಅಮೆರಿಕದವರಿಗೆ ಎರಡು ಇಂಚಿನ ಚೌಕ ಫೋಟೋ ಸಾಕು, ಹಸುಗೂಸು ಪೂರ್ತಿ ಕಣ್ಣು ಬಿಡದಿದ್ದರೂ ತಕರಾರಿಲ್ಲ. ಬ್ರಿಟನ್ನಿನವರೂ ವರ್ಷ ತುಂಬದವರ ಕಣ್ಣಿನ ಗೊಡವೆಗೆ ಬರುವುದಿಲ್ಲ. ತಲೆಗೆ ಕೈ ಆಸರೆ ಕೊಡಿ, ಕೈ ಮಾತ್ರ ಕಾಣದಿರಲಿ ಎನ್ನುತ್ತಾರೆ. ಅವರ ಮನೆಗಳಲ್ಲೂ ಅಜ್ಜಿಯರಿರಬೇಕು.

ಇಷ್ಟೆಲ್ಲ ಮಾಡಿ ಪಡೆದ ಪುಸ್ತಕಕ್ಕೆ ಆಯಸ್ಸು ಐದು ವರ್ಷ. ಆ ಮುಖಕ್ಕೆ ಐದು ತಿಂಗಳೂ ಇಲ್ಲ. ಮುಂದಿನ ಸಲ ಕೇಂದ್ರದವರದ್ದೇ ಕ್ಯಾಮೆರಾ. ಅಷ್ಟರಲ್ಲಿ ಕೂಸು ಸ್ಕೂಲಿಗೆ ಹೋಗಿ, ಕ್ಯಾಮೆರಾ ಕಂಡೊಡನೆ ಎರಡು ಬೆರಳೆತ್ತಿ ಹಲ್ಲು ಕಿರಿಯುವುದನ್ನು ಕಲಿತಿರುತ್ತದೆ. ಬಾಯಿ ಮುಚ್ಚಿಸುವ ಕೆಲಸ ಅವರದ್ದು.