ಹಗೇವು ಜೀರ್ಣೋದ್ಧಾರ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ ಹಗೇವು, ಎಂದರೆ ಜೋಳ ತುಂಬಿಡುವ ನೆಲಮನೆ. ಪ್ರಯೋಜನ, ಅದರೊಳಗೊಂದು ಖೋಲಿ. ಸಂಬಂಧ ಹೀಗಿದೆ: ಹಗೇವು ತೀರಿಹೋದ ಅಜ್ಜನದು, ಖೋಲಿ ಮೊಮ್ಮಗನದು, ಖರ್ಚು ಅಪ್ಪನದು. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು: ಬೆಂಗಳೂರಿನಲ್ಲಿ ಯಾರದೋ ಮನೆಯ ಬೇಸ್‌ಮೆಂಟ್ ನೋಡಿ ಬಂದವನು, ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಮನೆಯುಳ್ಳವನು, ಆ ಮನೆಗೆ ವರ್ಷಕ್ಕೊಮ್ಮೆ ಯುಗಾದಿಗೆ ಬಂದು "ಜಾಗಾ ಎಲ್ಲಾ ವೇಸ್ಟ್ ಆಗೇತಿ" ಎಂದು ಹೇಳಿ ಹೋಗುವವನು.

ಬೇಸ್‌ಮೆಂಟ್ ಎಂಬುದು ಹೊರಗಿನಿಂದ ಬಂದದ್ದೆಂಬ ಮತವನ್ನು ಮೊದಲು ಖಂಡಿಸಬೇಕಾಗಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಸೀಮೆಯವರು ಮನೆಯ ಪಡಸಾಲಿಯಲ್ಲಿ, ಅಂಗಳದಲ್ಲಿ, ಕೆಲವು ಊರುಗಳಲ್ಲಿ ಚಕ್ಕಡಿ ಓಡಾಡುವ ಓಣಿಯ ಕೆಳಗೇ ನೆಲಮನೆ ತೋಡಿಕೊಂಡಿದ್ದರು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೋದಂತೆ ದೊಡ್ಡ ಹೊಟ್ಟೆ. ತಳಕ್ಕೂ ಗೋಡೆಗೂ ಕಣಕಿ, ಹುಲ್ಲು ಹಾಸಿ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಒತ್ತಿ, ಹಾಸುಗಲ್ಲು ಮುಚ್ಚಿ, ಸಂದಿಗೆ ಕೆಸರು ಮೆತ್ತಿದರೆ ಕೆಲಸ ಮುಗಿಯಿತು. ಒಳಗಿನ ಕಾಳು, ಹುಳ, ಮುಗ್ಗುಗಳೇ ಉಸಿರಾಡಿ ಇದ್ದಬದ್ದ ಆಮ್ಲಜನಕ ಮುಗಿಸುತ್ತವೆ. ಆಮೇಲೆ ಹುಳ ಉಸಿರು ಸಿಗದೆ ಸಾಯುತ್ತದೆ. ಔಷಧ ಬೇಡ, ಕರೆಂಟು ಬೇಡ. ಗೋಡೆಗೆ ತಾಗಿದ ಜೋಳ ಮಾತ್ರ ಕಪ್ಪಾಗಿ, ಮುಗ್ಗು ಹಿಡಿದು, ಒಳಗಿನದನ್ನು ಕಾಯುತ್ತದೆ. ಆ ಜೋಳದ ರೊಟ್ಟಿಗೆ ಒಂದು ಹುಳಿ ವಾಸನೆ ಇರುತ್ತಿತ್ತು. ಬರಗಾಲದಲ್ಲಿ ಅದರ ಬಗ್ಗೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಈಗ ಅಳತೆ. ಹೊಟ್ಟೆಯ ವ್ಯಾಸ 8 ಅಡಿ, ಎತ್ತರ 8 ಅಡಿಯ ಮಧ್ಯಮ ಗಾತ್ರದ ಹಗೇವನ್ನು ಹಿಡಿಯೋಣ. ನೆಲ 50 ಚದರ ಅಡಿ, ಒಡಲು 400 ಘನ ಅಡಿ. ಘನ ಅಡಿಗೆ 21 ಕೆ.ಜಿ. ಜೋಳ ಹಿಡಿದರೆ 84 ಕ್ವಿಂಟಲ್ ಆಯಿತು. ಇಡೀ ಮನೆತನ ವರ್ಷಗಟ್ಟಲೆ ಉಂಡು, ಬೀಗರಿಗೂ ಕೊಟ್ಟು, ಮಿಕ್ಕಿದ್ದನ್ನು ಬಿತ್ತನೆಗೆ ಇಟ್ಟುಕೊಳ್ಳಬಹುದಾದ ಜಾಗ ಇದು. ಆದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದೇ ಬೇರೆ. ಮನುಷ್ಯ ವಾಸಿಸುವ ಖೋಲಿಗೆ 9.5 ಚದರ ಮೀಟರ್ ನೆಲ, 2.4 ಮೀಟರ್ ಅಗಲ ಬೇಕು. ನಮ್ಮ ಹಗೇವು ಅಗಲದಲ್ಲಿ ನಾಲ್ಕು ಸೆಂಟಿಮೀಟರ್ ಹೆಚ್ಚು ಪಡೆದು ಪಾಸಾಗಿ, ವಿಸ್ತೀರ್ಣದಲ್ಲಿ ಅರ್ಧಕ್ಕೂ ಕಡಿಮೆ ಅಂಕ ಪಡೆದು ಫೇಲಾಗುತ್ತದೆ. ಎಂಬತ್ತು ಚೀಲ ಜೋಳಕ್ಕೆ ಸಾಲುವ ಮನೆ ಒಬ್ಬ ಮೊಮ್ಮಗನಿಗೆ ಸಾಲದು ಎಂಬುದು ಇದರಿಂದ ಸಿದ್ಧವಾಯಿತು.

ಪೂರ್ವಪಕ್ಷ: ಜಗತ್ತಿನಲ್ಲಿ ಜನ ನೆಲದೊಳಗೆ ಸುಖವಾಗಿ ಬಾಳುತ್ತಿದ್ದಾರಲ್ಲ? ಆಸ್ಟ್ರೇಲಿಯದ ಕೂಬರ್ ಪೀಡಿಯಲ್ಲಿ ಓಪಲ್ ಹರಳು ಅಗೆಯುವವರು ಬಿಸಿಲು ತಾಳದೆ ಗುಡ್ಡದೊಳಗೇ ಮನೆ ಕೊರೆದುಕೊಂಡಿದ್ದಾರೆ. ಟ್ಯುನೀಸಿಯದ ಮತ್ಮಾತಾದಲ್ಲಿ ಅಂಗಳವೇ ಒಂದು ಹೊಂಡ. ಚೀನಾದ ಹಳದಿ ಮಣ್ಣಿನ ನಾಡಿನಲ್ಲಿ ಗುಹೆಮನೆಗಳಿಗೆ ಲೆಕ್ಕವೇ ಇಲ್ಲ.

ಉತ್ತರಪಕ್ಷ: ಅವರು ಎರಿ ಮಣ್ಣು ನೋಡಿಲ್ಲ. ನಮ್ಮ ಕರಿ ಮಣ್ಣಿನ ಜೇಡಿಗೆ ನೀರು ತಾಗಿದರೆ ಉಬ್ಬುತ್ತದೆ, ಬಿಸಿಲು ತಾಗಿದರೆ ಕುಗ್ಗಿ ಬಿರಿಯುತ್ತದೆ. ಚೈತ್ರದಲ್ಲಿ ಹೊಲದ ಬಿರುಕಿಗೆ ಬಿದ್ದ ಕುಡಗೋಲನ್ನು ಮಿರಗದ ಮಳೆ ಬಂದ ಮೇಲೆ ಹುಡುಕಬೇಕೆಂದರೆ ಬಿರುಕೇ ಇರುವುದಿಲ್ಲ. ಈ ಮಣ್ಣನ್ನು ಪಳಗಿಸಲು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ತಳದಲ್ಲಿ ಗಡ್ಡೆಯಿರುವ ಕಂಬದ ಅಡಿಪಾಯ ರೂಪಿಸಿತು. ಐಐಟಿ ಮುಂಬೈಯ ಪ್ರೊ. ಆರ್.ಕೆ. ಕಟ್ಟಿಯವರು ಉಬ್ಬದ ಅಂಟುಮಣ್ಣಿನ ಪದರವೊಂದನ್ನು ನಡುವೆ ಹಾಕಿದರೆ ಎರಿ ಸುಮ್ಮನಿರುತ್ತದೆಂದು ತೋರಿಸಿದರು. ಪದರದ ದಪ್ಪ ಸುಮಾರು ಒಂದು ಮೀಟರ್. ಇದನ್ನು ನಮ್ಮ ಹಗೇವಿನ ಸುತ್ತ ಒಳಗಿನಿಂದ ಹಾಕಿದರೆ ನಡುವೆ ಉಳಿಯುವುದು ಒಂದೂವರೆ ಅಡಿ. ಮೊಮ್ಮಗ ನಿಲ್ಲಬಹುದು, ಕೂಡಲಾರ. ಅಜ್ಜಂದಿರು ಇಷ್ಟೆಲ್ಲ ಓದದೆ, ಊರ ದಿಬ್ಬ ನೋಡಿ, ಗಟ್ಟಿ ಗರಸು ಹತ್ತುವ ಕಡೆ ತೋಡಿ ಕೈ ತೊಳೆದುಕೊಂಡಿದ್ದರು.

ನೀರಿನ ವಿಚಾರ ಚಿಕ್ಕದು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಎಂಬ ಹೆಸರು ಕೇಳಿ ಹೊರಗಿನವರು ಬಾಯಲ್ಲಿ ನೀರೂರಿಸಿಕೊಳ್ಳುತ್ತಾರೆ. 2019ರ ಆಗಸ್ಟಿನಲ್ಲಿ ಅವು ಊರೊಳಗೆ ಬಂದುದನ್ನು ಕಂಡವರು ನೆಲಮನೆಯ ಮಾತೇ ಎತ್ತುವುದಿಲ್ಲ. ಕಲಘಟಗಿಯ ಕಡೆಯವರಂತೂ ಈ ಚರ್ಚೆಗೆ ಸೇರುವವರೇ ಅಲ್ಲ. ಅದು ಅರೆಮಲೆನಾಡು, ಭತ್ತದ ನಾಡು. ಆ ಮಳೆಗೆ ನೆಲದಲ್ಲಿ ಕಾಳು ಹೂತಿಟ್ಟರೆ ಸಸಿಯಾಗಿ ಎದ್ದು ಬರುತ್ತದೆ.

ಗಾಳಿಯ ಪ್ರಕರಣವೇ ಈ ಗ್ರಂಥದ ಜೀವಾಳ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಆರಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟು ನೋಡುತ್ತಿದ್ದರು. ಇದನ್ನು ನ್ಯಾಯಶಾಸ್ತ್ರದ ಐದು ಅವಯವಗಳಲ್ಲಿ ಹೀಗೆ ಹೇಳಬಹುದು. ಪ್ರತಿಜ್ಞೆ: ಈ ಹಗೇವು ಯಮನ ಬಾಯಿ. ಹೇತು: ದೀಪ ಆರಿತಾದ್ದರಿಂದ. ಉದಾಹರಣೆ: ಎಲ್ಲಿ ದೀಪ ಆರುತ್ತದೋ ಅಲ್ಲಿ ಮನುಷ್ಯನೂ ಆರುತ್ತಾನೆ, ಆಚೆ ಓಣಿಯ ಹಗೇವಿನಲ್ಲಿ ಆದಂತೆ. ಉಪನಯ: ಇದೂ ಹಾಗೆಯೇ ಇದೆ. ನಿಗಮನ: ಆದ್ದರಿಂದ ತಮ್ಮಾ, ಮ್ಯಾಲೇ ನಿಂದರು. ತಾರ್ಕಿಕರ ಪರ್ವತ, ಹೊಗೆ, ಬೆಂಕಿಯ ಉದಾಹರಣೆಗಿಂತ ಇದು ಹೆಚ್ಚು ಜೀವ ಉಳಿಸಿದೆ. ಒಂದೇ ಎಚ್ಚರಿಕೆ: ದೀಪ ಉರಿದರೆ ಗಾಳಿ ಒಳ್ಳೆಯದೆಂಬ ವಿಲೋಮ ಸಿದ್ಧವಲ್ಲ. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಕೂಡುತ್ತದೆ. ಮನುಷ್ಯನ ಪ್ರಜ್ಞೆ ತಪ್ಪಿಸುವಷ್ಟು ಅದು ಸೇರಿದ್ದರೂ ದೀಪ ಮಿಣುಕುತ್ತಿರಬಹುದು. ಬಿದ್ದವನನ್ನು ಎತ್ತಲು ಒಬ್ಬ ಇಳಿದು, ಅವನನ್ನು ಎತ್ತಲು ಇನ್ನೊಬ್ಬ ಇಳಿಯುವುದನ್ನು ತಾರ್ಕಿಕರು ಅನವಸ್ಥಾ ದೋಷ ಎನ್ನುತ್ತಾರೆ. ಅಂಥ ಮನೆಗಳವರು ಅದಕ್ಕೆ ಹೆಸರಿಡುವುದಿಲ್ಲ.

ಮೊಮ್ಮಗ ಅಲ್ಲಿ ಕೂತು ವರ್ಕ್ ಫ್ರಂ ಹೋಮ್ ಮಾಡುತ್ತೇನೆನ್ನುತ್ತಾನೆ. ಕೂತು ಕೆಲಸ ಮಾಡುವವನು ತಾಸಿಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡು ಬಿಡುತ್ತಾನೆ. ಬಾಯಿ ಮುಚ್ಚಿದ 400 ಘನ ಅಡಿಯಲ್ಲಿ ಅದು ಆರು ತಾಸಿಗೆ ಶೇ 1ರ ಆಸುಪಾಸು ಮುಟ್ಟುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು ಶೇ 0.04. ಲಕ್ಷಣಗಳು: ತಲೆಭಾರ, ಆಕಳಿಕೆ, ಹೇಳಿದ್ದು ತಲೆಗೆ ಹೋಗದಿರುವುದು. ಮೀಟಿಂಗಿನ ಲಕ್ಷಣಗಳೂ ಇವೇ ಆದ್ದರಿಂದ ಕಾರಣ ನಿರ್ಣಯ ಕಷ್ಟ. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದು ಮೊಮ್ಮಗನ ಲೆಕ್ಕದಲ್ಲಿ ದೋಷ, ಸೊಸೆಯ ಲೆಕ್ಕದಲ್ಲಿ ಗುಣ. "ಹಂಗಾದ್ರ ಪ್ಲಾನ್ ಚಲೋ ಐತ್ರಿ" ಎಂದವಳು ಅವಳೊಬ್ಬಳೇ.

ಅಲಂಕಾರದ ಪ್ರಕರಣದಲ್ಲಿ ಜಿಲ್ಲೆಯ ಅಭಿಮಾನ ಅಡ್ಡ ಬಂತು. ನವಲಗುಂದದ ಹೆಂಗಸರು ನೇಯುವ, ಭೌಗೋಳಿಕ ಗುರುತು ಪಡೆದ ಜಮಖಾನೆಯನ್ನೇ ಹಾಸಬೇಕೆಂದು ತೀರ್ಮಾನವಾಯಿತು. ಜಮಖಾನೆಗೆ ನಾಲ್ಕು ಮೂಲೆ, ಹಗೇವಿಗೆ ಒಂದೂ ಇಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ತೂಗೋಣವೆಂದರೆ ಕೊಂಡಿ ಹಾಕುವ ಜಾಗದಲ್ಲೇ ಬಾಗಿಲಿದೆ. ಹೋಮ್ ಥಿಯೇಟರಿಗೆ ಸದ್ದು ಹೊರಹೋಗದ ಜಾಗ ಬೇಕೆಂದು ವಾದಿಸಿದಾಗ, ಸವಾಯಿ ಗಂಧರ್ವರು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರಿಗೆ ಕುಂದಗೋಳದಲ್ಲಿ ಹಾಡು ಕಲಿಸಿದ್ದು ನೆಲದ ಮೇಲೇ, ಆಗ ಸದ್ದು ಹೊರಗೆ ಹೋದದ್ದರಿಂದ ಯಾರಿಗೂ ಲುಕ್ಸಾನಾಗಲಿಲ್ಲ ಎಂದು ಕಾಕಾ ಬಾಯಿ ಮುಚ್ಚಿಸಿದರು. ವಾಸ್ತು ಪಂಡಿತರು ನೈರುತ್ಯದಲ್ಲಿ ತಗ್ಗು ಕೂಡದು, ಈಶಾನ್ಯದಲ್ಲಿ ಆಗಬಹುದು ಎಂದರು. ಹಾಗಾದರೆ ಹಗೇವು ಯಾವ ದಿಕ್ಕಿನಲ್ಲಿದೆ ಎಂದು ಕೇಳಿದರು.

ಗ್ರಂಥ ಇಲ್ಲಿ ಬಿಕ್ಕಟ್ಟಿಗೆ ಸಿಕ್ಕಿತು. ಹಗೇವಿನ ಬಾಯಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಅಜ್ಜ ಕಡೆಯ ಸಲ ತೆಗೆಸಿದ ಮೇಲೆ ಹಾಸುಗಲ್ಲಿನ ಮೇಲೆ ಸಿಮೆಂಟು ಬಿತ್ತು, ಸಿಮೆಂಟಿನ ಮೇಲೆ ಟೈಲ್ಸು ಬಿತ್ತು. ಆ ಹೊತ್ತಿಗೆ ಹಗೇವಿನ ಕೆಲಸವೂ ಮುಗಿದಿತ್ತು. 1960ರ ದಶಕದಲ್ಲಿ ಹೈಬ್ರಿಡ್ ಜೋಳ ಬಂತು, ಆಮೇಲೆ ನವಿಲುತೀರ್ಥದಿಂದ ಮಲಪ್ರಭೆಯ ಕಾಲುವೆ ಬಂತು, ಹತ್ತಿ, ಗೋವಿನಜೋಳ ಬಂದವು, 2013ರಲ್ಲಿ ಅನ್ನಭಾಗ್ಯದ ಅಕ್ಕಿಯೂ ಬಂತು. ಈಗ ಇದೇ ಮನೆಯ ಹೊಲದಲ್ಲಿ ಹೆಸರು, ಹತ್ತಿ, ಕಡಲೆ. ರೊಟ್ಟಿಯ ಹಿಟ್ಟು ಹುಬ್ಬಳ್ಳಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ.

"ಟಿವಿ ಸ್ಟ್ಯಾಂಡ್ ಕೆಳಗ ಐತಿ" ಎಂದರು ಅಪ್ಪ. "ಎಡಗಡೆ ಕಂಬದ ಹಂತೇಲಿ" ಎಂದರು ಕಾಕಾ. ಎರಡೂ ಕಡೆ ಟೈಲ್ಸ್ ಒಡೆಯುವ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಸೇರಿಸುತ್ತಿರುವಾಗ, ಕಟ್ಟಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಆಯಿ ಬಾಯಿ ಬಿಟ್ಟಳು.

"ನನಗ ಗೊತ್ತೈತಿ."

"ಎಲ್ಲೈತಿ ಹೇಳಬೇ ಆಯಿ" ಎಂದ ಮೊಮ್ಮಗ.

"ಮೊದಲ ಹತ್ತ ಚೀಲ ಬಿಳಿಜ್ವಾಳ ತಂದ ಪಡಸಾಲ್ಯಾಗ ಇಳಸ್ರಿ. ಆಮ್ಯಾಲೆ ತೋರಸ್ತೇನಿ."

ದರ ಕೇಳಿಕೊಂಡು ಬರಲು ಅಣ್ಣಿಗೇರಿ ಮಾರುಕಟ್ಟೆಗೆ ಹೋದ ಅಪ್ಪ ಇನ್ನೂ ತಿರುಗಿ ಬಂದಿಲ್ಲವಾದ್ದರಿಂದ, ಗ್ರಂಥದ ಎರಡನೆಯ ಸಂಪುಟ ತಡವಾಗಲಿದೆ.