ಗಿರಿಸೈಕಲ್ ಮೀಮಾಂಸೆ: ಕುದೂರು ಪಾಠ

ಎತ್ತರದ ಸೀಮೆಗೆ ಪ್ರವಾಸ ಹೋದವನು ಅಲ್ಲಿನ ಬೆಟ್ಟದ ದಾರಿಗಳಲ್ಲಿ ಸೈಕಲ್ ತುಳಿಯುವ ಮುನ್ನ ಮಾರ್ಗನಿರ್ಣಯ ಮಾಡಿಕೊಳ್ಳತಕ್ಕದ್ದು. ಈ ಶಾಸ್ತ್ರಕ್ಕೆ ಲಡಾಖ್ ಪಾಠ, ಆಲ್ಪ್ಸ್ ಪಾಠ, ನಂದಿಬೆಟ್ಟದ ಪಾಠ ಎಂದು ಮೂರು ಪಾಠಗಳಿವೆ. ಮಾಗಡಿ ತಾಲ್ಲೂಕಿನ ಕುದೂರು ಪಾಠ ಮಾತ್ರ ಇದುವರೆಗೆ ಯಾವ ಪಂಡಿತರ ಕೈಗೂ ಸಿಕ್ಕಿರಲಿಲ್ಲ. ಅದನ್ನು ಶೋಧಿಸಿ ಸಂಪಾದಿಸುವ ಹೊಣೆ ನನ್ನ ಮೇಲೆ ಬಿದ್ದದ್ದು ನನ್ನ ಹೆಂಡತಿಯ ತವರು ಕುದೂರು ಆದದ್ದರಿಂದ. ಸಂಪಾದಕನಿಗೆ ಬೇರೆ ಅರ್ಹತೆ ಏನಿದೆ ಎಂದು ಕೇಳುವುದು ಶಾಸ್ತ್ರಸಮ್ಮತವಲ್ಲ.

ಮೊದಲು ಪೂರ್ವಪಕ್ಷ. ಕುದೂರು ಎತ್ತರದ ಸೀಮೆಯೇ ಅಲ್ಲ ಎಂಬುದು ವೈದ್ಯರ ವಾದ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ರೆಗೇಡು ಬಂದರೆ ಮಾತ್ರ ಅವರು ಅದನ್ನು ಎತ್ತರವೆಂದು ಒಪ್ಪುತ್ತಾರೆ. ಇದಕ್ಕೆ ಸಮಾಧಾನ ಹೀಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಾಗಡಿ ಸೀಮೆಯೂ ಹೆಚ್ಚುಕಡಿಮೆ ಅದೇ ಜಗಲಿಯ ಮೇಲಿದೆ. ಮಂಗಳೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿದರೆ ಇಲ್ಲಿ ತೊಂಬತ್ತೇಳರ ಹತ್ತಿರವೇ ಕುದಿಯುತ್ತದೆ. ಹೀಗೆ ಬೇಗ ಕುದಿಯುವ ಊರಾದ್ದರಿಂದ 'ಕುದಿ' ಮತ್ತು 'ಊರು' ಸೇರಿ, ಲೋಪಸಂಧಿಯಾಗಿ, ಕುದೂರು ಆಯಿತೆಂದು ನಾನು ಮಂಡಿಸುತ್ತೇನೆ. ಇದಕ್ಕೆ ಶಾಸನಾಧಾರವಿಲ್ಲ. ಯಕಾರಾಗಮವಾಗಿ 'ಕುದಿಯೂರು' ಏಕಾಗಲಿಲ್ಲ ಎಂದು ಕೇಳುವ ವ್ಯಾಕರಣದವರು ಮುಂದಿನ ಪುಟಕ್ಕೆ ಹೋಗಬಹುದು. ತಲೆನೋವು, ವಾಕರಿಕೆ, ನಿದ್ರೆಗೇಡುಗಳ ಮಾತಿಗೆ ಬಂದರೆ, ಅತ್ತೆಮನೆಯಲ್ಲಿ ಮೂರು ದಿನ ಬಾಡೂಟ ಉಂಡ ಅಳಿಯನಲ್ಲಿ ಮೂರೂ ಲಕ್ಷಣಗಳು ಕಂಡುಬಂದಿವೆ.

ಅಲ್ಲದೆ ಎತ್ತರವೆಂಬುದು ನೆಲದಲ್ಲಿರುವಷ್ಟೇ ಬೋರ್ಡಿನಲ್ಲೂ ಇರುತ್ತದೆ. ಲಡಾಖಿನ ಖರ್ದುಂಗ್ ಲಾ ಕಣಿವೆಯ ಬೋರ್ಡು ವರ್ಷಗಟ್ಟಲೆ 18,380 ಅಡಿ ಎಂದು ಸಾರುತ್ತಿತ್ತು. ಅಳತೆ ಮಾಡಿದವರಿಗೆ ಸಿಕ್ಕಿದ್ದು 17,582 ಅಡಿ. ಸುಮಾರು ಎಂಟುನೂರು ಅಡಿ ಬೆಟ್ಟವನ್ನು ಒಬ್ಬ ಪೇಂಟರು ಕುಂಚದಲ್ಲೇ ಬೆಳೆಸಿದ್ದ. ಕುದೂರಿನ ಎತ್ತರ ಕಡಿಮೆಯಾಯಿತೆನ್ನುವವರಿಗೆ ನನ್ನ ಉತ್ತರ: ನಮ್ಮೂರಲ್ಲೂ ಪೇಂಟರುಗಳಿದ್ದಾರೆ.

ಇನ್ನು ಯಾನದ ಲಕ್ಷಣ. ಚಲಿಸದೆಯೂ ಯಾನ ಸಾಧ್ಯ ಎಂಬುದಕ್ಕೆ ಕುದೂರಿಗಿಂತ ಉತ್ತಮ ದೃಷ್ಟಾಂತ ಸಿಗದು. ಈ ಊರು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು. 2007ರಲ್ಲಿ ರಾಮನಗರಕ್ಕೆ ಹೋಯಿತು. 2025ರಲ್ಲಿ ಆ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ತೀರ್ಮಾನಿಸಿತು. ಒಂದು ಪೆಡಲೂ ತುಳಿಯದೆ ಬೆಂಗಳೂರಿನಿಂದ ಹೊರಟು ಬೆಂಗಳೂರಿಗೇ ಬಂದ ಈ ಯಾನದಲ್ಲಿ ಪಂಕ್ಚರ್ ಆದದ್ದು ಪಹಣಿಗಳು ಮಾತ್ರ.

ಈಗ ಮಾರ್ಗಗಳಿಗೆ ಬರೋಣ. ಸುತ್ತಮುತ್ತ ದುರ್ಗಗಳಿಗೆ ಬರವಿಲ್ಲ. ಕುದೂರಿಗೆ ಅಂಟಿಕೊಂಡಂತೆ ಭೈರವನದುರ್ಗ, ಕುಣಿಗಲ್ ತಾಲ್ಲೂಕಿಗೆ ದಾಟಿದರೆ ಹುತ್ರಿದುರ್ಗ, ಇನ್ನೂ ಆಚೆಗೆ ಹುಲಿಯೂರುದುರ್ಗ, ಮಾಗಡಿಯ ಆ ಬದಿಗೆ ಸಾವನದುರ್ಗ. ಬೆಂಗಳೂರಿನ ಸುತ್ತಿನ ನವದುರ್ಗಗಳೆಂದು ಲೆಕ್ಕ ಹಾಕುವವರು ಈ ನಾಲ್ಕನ್ನೂ ಸೇರಿಸುತ್ತಾರೆ. ಇಲ್ಲಿ ನಿಘಂಟು ತೆರೆಯಬೇಕು. 'ದುರ್ಗ' ಎಂದರೆ ಹೋಗಲು ಕಷ್ಟವಾದದ್ದು. ಮಾಗಡಿ ಕೆಂಪೇಗೌಡರ ಕಾಲದವರು ಒಂದೊಂದು ಗುಡ್ಡದ ಹೆಸರಿನಲ್ಲೇ ಎಚ್ಚರಿಕೆ ಬರೆದಿಟ್ಟಿದ್ದಾರೆ: ಭೈರವನ ಹೋಗಲಿಕ್ಕಾಗದ್ದು, ಹುಲಿಯೂರಿನ ಹೋಗಲಿಕ್ಕಾಗದ್ದು. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಮೊಬೈಲಿನಲ್ಲಿ 'ಸುಲಭ ದುರ್ಗ' ಎಂದು ಹುಡುಕುವ ಬೆಂಗಳೂರಿನ ಸೈಕಲ್ಲಿಗರ ವ್ಯುತ್ಪತ್ತಿಜ್ಞಾನದ ಬಗ್ಗೆ ನಾನು ಏನೂ ಹೇಳಲಾರೆ.

ಆದರೆ ನಿಜವಾದ ತೊಡಕು ವ್ಯಾಕರಣದಲ್ಲಿಲ್ಲ, ಬಂಡೆಯಲ್ಲಿದೆ. ಮಾಗಡಿ, ರಾಮನಗರದ ಕಡೆಯ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಷ್ಟು ವಯಸ್ಸಾದ ಮೇಲೆ ಅದರ ಮೈಮೇಲೆ ಮಣ್ಣಿಲ್ಲ, ಇಳಿಜಾರಿನ ಮರ್ಯಾದೆಯಿಲ್ಲ. ಮಲೆನಾಡಿನ ಬೆಟ್ಟ ದೂರದಿಂದಲೇ ಏರುತ್ತಾ ಏರುತ್ತಾ ಬಂದು ಬೆಟ್ಟವಾಗುತ್ತದೆ. ನಮ್ಮದು ಹಾಗಲ್ಲ. ರಾಗಿ ಹೊಲದ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದವನು ಥಟ್ಟನೆ ಎದ್ದು ನಿಂತ ಹಾಗೆ ನಿಂತಿರುತ್ತದೆ. ಅದನ್ನು ಕಂಡ ರಸ್ತೆ ಹತ್ತುವ ಯೋಚನೆ ಬಿಟ್ಟು ಬುಡ ಬಳಸಿಕೊಂಡು ಮುಂದಿನ ಊರಿನ ಪಂಚಾಯ್ತಿ ಆಫೀಸಿಗೆ ಹೋಗಿಬಿಡುತ್ತದೆ. ಆದ್ದರಿಂದ ಕುದೂರು ಸೀಮೆಯಲ್ಲಿ 'ಬೆಟ್ಟದ ರಸ್ತೆ' ಎಂಬುದು ತತ್ಪುರುಷ ಸಮಾಸವಲ್ಲ, ದ್ವಂದ್ವ ಸಮಾಸ. ಬೆಟ್ಟವೂ ಉಂಟು, ರಸ್ತೆಯೂ ಉಂಟು. ಎರಡಕ್ಕೂ ಮಾತುಕತೆಯಿಲ್ಲ.

ಈ ಸತ್ಯ ಗೊತ್ತಾಗುವ ಮುಂಚೆ ನಾನು ಎರಡು ರಾತ್ರಿ ಕೂತು ಶಿವಗಂಗೆ ಬೆಟ್ಟಕ್ಕೆ ಒಂದು ಮಾರ್ಗ ಬರೆದಿದ್ದೆ. ಅದನ್ನು ಜಗಲಿಯ ಮೇಲೆ ಹರಡಿಕೊಂಡು ಕೂತಾಗ ಸಭೆ ಸೇರಿತು. ನನ್ನ ಭಾವಮೈದ ಹಾಳೆಯನ್ನು ತಿರುಗಾಮುರುಗಾ ಮಾಡಿ ನೋಡಿ, "ಯಾಕ್ ಭಾವ, ಬಸ್ಸಿಗೆ ದುಡ್ಡಿರ್ಲಿಲ್ವಾ?" ಎಂದ. ಒಳಗಿನಿಂದ ಅತ್ತೆಯವರು, "ಸುಮ್ನಿರ್ಲಾ, ಹೆಂಗಸ್ರಿಗಾದ್ರೆ ಬಸ್ಸು ಫ್ರೀ. ಪಾಪ, ಗಂಡಸ್ರಿಗೆ ಸೈಕ್ಲೇ ಗತಿ" ಎಂದರು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಗೂ ಪುರುಷರ ಗಿರಿಯಾನಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು ಇಷ್ಟು ಚುಟುಕಾಗಿ ಹೇಳಿದ ಭಾಷ್ಯ ನನ್ನ ಓದಿನಲ್ಲಿ ಇನ್ನೊಂದಿಲ್ಲ. ಆಮೇಲೆ ಅವರು ಹೊರಗೆ ಬಂದು, "ಅಳಿಯಂದ್ರೇ, ಹೋಗೋದಾದ್ರೆ ಮುದ್ದೆ ಉಂಡ್ಕೊಂಡು ಹೋಗಿ" ಎಂದರು. ಪ್ರಬಂಧದ ಮುಖ್ಯ ಅಧಿಕರಣ ಹುಟ್ಟಿದ್ದು ಇಲ್ಲಿ.

ಮುದ್ದೆಮಾನ. ನನ್ನ ತೂಕ 70 ಕೆಜಿ, ಸೈಕಲ್ಲು 15. ಈ 85 ಕೆಜಿಯನ್ನು ನೂರು ಮೀಟರ್ ಮೇಲಕ್ಕೆತ್ತಲು ಬೇಕಾಗುವ ಶಕ್ತಿ ಸುಮಾರು 20 ಕಿಲೋ ಕ್ಯಾಲರಿ. ತಿಂದದ್ದರಲ್ಲಿ ಕಾಲುಭಾಗವನ್ನಷ್ಟೇ ದೇಹ ದುಡಿಮೆಗೆ ಹಾಕುತ್ತದೆ, ಮುಕ್ಕಾಲು ಭಾಗ ಬೆವರು ಬಿಸಿಗೆ ಹೋಗುತ್ತದೆ. ಹಾಗಾಗಿ 80 ತಿನ್ನಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಇದೆ. ನೂರು ಗ್ರಾಂ ಹಿಟ್ಟಿಗೆ ಒಂದು ಮುದ್ದೆ ಎಂದು ಹಿಡಿದರೆ, ಒಂದು ಮುದ್ದೆಗೆ ನಾನೂರು ಮೀಟರ್ ಏರು. ಜಗತ್ತಿನ ಸಮಸ್ತ ಪರ್ವತಗಳನ್ನೂ ಈ ಮಾನದಲ್ಲಿ ಅಳೆಯಬಹುದು. ಶಿವಗಂಗೆಯ ತುದಿ ಸುಮಾರು 1,368 ಮೀಟರ್. ಬಯಲಿನಿಂದ ಲೆಕ್ಕ ಹಾಕಿದರೆ ಒಂದು ಮುದ್ದೆ, ಮೇಲೊಂದೆರಡು ತುತ್ತು. 3,500 ಮೀಟರಿನ ಲೇಹ್‌ನಿಂದ 5,359 ಮೀಟರಿನ ಖರ್ದುಂಗ್ ಲಾಗೆ ನಾಲ್ಕೂವರೆ ಮುದ್ದೆ ಚಿಲ್ಲರೆ. ಸಾರಿನ ಲೆಕ್ಕ ಬೇರೆ.

ಈ ಮಾನಕ್ಕೊಂದು ವಿರೋಧಾಭಾಸ ಅಂಟಿಕೊಂಡಿದೆ. ಮುದ್ದೆ ಉಣ್ಣದೆ ಏರು ಹತ್ತಲಾಗದು. ಉಂಡ ಮೇಲೆ ಸೈಕಲ್ಲು ಹತ್ತಲಾಗದು. ಇದನ್ನು ಬಿಡಿಸಲು ನಾನು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಚಾಪೆಯ ಮೇಲೆ ಚಿಂತನೆ ನಡೆಸಿದೆ. ಫಲ ಕಾಣಲಿಲ್ಲ.

ಮರುದಿನ ಹೊರಟೆ. ಸ್ಥಳೀಯ ಪರಿಭಾಷೆಯಲ್ಲಿ ಜಗತ್ತು ಎರಡೇ ಭಾಗ: ಅಪ್ಪು ಮತ್ತು ಡೌನು. 'ಸಮತಟ್ಟು' ಎಂಬುದು ಸರ್ಕಾರಿ ನಕ್ಷೆಯವರ ಕಲ್ಪನೆ. ಊರು ದಾಟಿ ಎರಡನೆಯ ಅಪ್ಪಿನಲ್ಲಿ ನಾನು ಇಳಿದೆ. ಇಳಿದದ್ದು ದೃಶ್ಯಸೌಂದರ್ಯ ನೋಡಲೆಂದು ದಿನಚರಿಯಲ್ಲಿ ಬರೆದಿದ್ದೇನೆ. ತಳ್ಳಿಕೊಂಡು ಹೋಗುತ್ತಿರುವಾಗ, ಸ್ಕೂಲಿನಲ್ಲಿ ಕೊಟ್ಟ ಸರ್ಕಾರಿ ಸೈಕಲ್ಲಿನಂತೆ ಕಾಣುತ್ತಿದ್ದ ಒಂದು ವಾಹನದಲ್ಲಿ ಹುಡುಗನೊಬ್ಬ ಬಂದ. ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಹಂಚಿದ ಆ ಮಾಲಿಕೆಯದು, ಅಣ್ಣಂದಿರಿಂದ ತಮ್ಮಂದಿರಿಗೆ ಇಳಿದುಬಂದದ್ದಿರಬೇಕು. ಹಿಂದೆ ಕ್ಯಾರಿಯರಿಗೆ ಹಸಿಹುಲ್ಲಿನ ಹೊರೆ, ಮುಂದೆ ಕಂಬಿಯ ಮೇಲೆ ತಮ್ಮ.

"ಎಷ್ಟು ಗೇರಣ್ಣ?" ಎಂದ.

"ಇಪ್ಪತ್ತೊಂದು."

"ಮತ್ಯಾಕ್ ತಳ್ತಿದೀಯ?"

ಉತ್ತರಕ್ಕೆ ಕಾಯದೆ, ಎದ್ದು ನಿಂತು ನಾಲ್ಕು ತುಳಿತ ತುಳಿದು ಅಪ್ಪು ದಾಟಿ ಹೋದ. ಶಾಸ್ತ್ರಗ್ರಂಥಗಳಲ್ಲಿ ಇಂಥ ಪ್ರಶ್ನೆಯನ್ನು 'ಅಪ್ರಸ್ತುತ' ಎಂದು ವರ್ಗೀಕರಿಸುವುದು ವಾಡಿಕೆ, ನಾನೂ ಹಾಗೇ ಮಾಡಿದ್ದೇನೆ. ಆದರೂ ತಳ್ಳುವುದಕ್ಕೆ ಐತಿಹಾಸಿಕ ಸಮರ್ಥನೆ ಇಲ್ಲದಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿದದ್ದು ತೋಪುಗಳನ್ನು ಎಳೆದುಕೊಂಡು ತಳ್ಳಿಕೊಂಡು ಬಂದೇ. ಇನ್ನೂ ಮೂಲಕ್ಕೆ ಹೋದರೆ, 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಆದಿಮ ಸೈಕಲ್ಲಿಗೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. ಹಿಂದಿನ ವರ್ಷ ಬೇಸಿಗೆಯೇ ಬಾರದೆ ಬೆಳೆ ಹೋಗಿ, ಕುದುರೆಗೆ ಮೇವಿಲ್ಲದಾಗಿ ಅವನಿಗೆ ಇದು ಹೊಳೆಯಿತೆಂದು ಊಹಿಸುವವರಿದ್ದಾರೆ. ಕುದೂರಿಗೆ ಹತ್ತಿರದ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಫಾರಂ ಇದೆ. ಮೇವಿಗೆ ತೊಂದರೆಯಿರಲಿಲ್ಲ. ಸೈಕಲ್ಲನ್ನು ನಮ್ಮವರು ಕಂಡುಹಿಡಿಯದೆ ಬಿಟ್ಟದ್ದಕ್ಕೆ ಕಾರಣ ಇದೇ, ಜಾಣತನದ ಕೊರತೆಯಲ್ಲ.

ಮುಂದೆ ಒಕ್ಕಣೆ ಅಧಿಕರಣ. ಡಿಸೆಂಬರ್ ಜನವರಿಯಲ್ಲಿ ಮಾರ್ಗ ಯೋಜಿಸುವವರು ಒಂದನ್ನು ತಿಳಿದಿರಬೇಕು: ಆಗ ರಸ್ತೆ ರಸ್ತೆಯಾಗಿರುವುದಿಲ್ಲ, ಕಣವಾಗಿರುತ್ತದೆ. ರಾಗಿ ತೆನೆ, ಹುರುಳಿ ಬಳ್ಳಿಯನ್ನು ಟಾರಿನ ಮೇಲೆ ಮೊಣಕಾಲೆತ್ತರ ಹಾಸಿರುತ್ತಾರೆ. ಹೋಗಿಬರುವ ಬಸ್ಸು ಲಾರಿಗಳು ಪುಕ್ಕಟೆಯಾಗಿ ಒಕ್ಕುತ್ತವೆ. ಹೀಗೆ ಮಾಡಬಾರದೆಂದು ಪೊಲೀಸರು ಹೇಳುವುದೂ ಉಂಟು, ಹೇಳಲು ಬಂದ ಜೀಪೂ ಅದರ ಮೇಲೇ ಹೋಗುವುದುಂಟು. ಹುರುಳಿ ಬಳ್ಳಿ ಸೈಕಲ್ಲಿನ ಚೈನಿಗೆ ಸುತ್ತಿಕೊಂಡರೆ ಮುಗಿಯಿತು, ಇಪ್ಪತ್ತೊಂದು ಗೇರೂ ಒಂದೇ ಆಗುತ್ತವೆ. ನಾನು ಅದನ್ನು ಬಿಡಿಸುತ್ತಾ ಕೂತಿದ್ದಾಗ ತೆನೆ ಮಗುಚುತ್ತಿದ್ದ ಅಜ್ಜಿಯೊಬ್ಬರು, "ಪಕ್ಕಕ್ ಹೋಗಪ್ಪ, ನಿನ್ ಸೈಕಲ್‌ಗೆ ಒಂದ್ ಕಾಳೂ ಉದುರಾಕಿಲ್ಲ" ಎಂದರು. ವಾಹನವನ್ನು ಅದರ ಒಕ್ಕಣೆಯ ಯೋಗ್ಯತೆಯಿಂದ ಅಳೆಯುವ ಈ ದೃಷ್ಟಿ ಪಾಶ್ಚಾತ್ಯ ಸೈಕಲ್ ಶಾಸ್ತ್ರದಲ್ಲಿ ಎಲ್ಲೂ ಇಲ್ಲ.

ಕೊನೆಗೆ ದೃಶ್ಯ. ಶಿವಗಂಗೆ ಪೂರ್ವದಿಂದ ನೋಡಿದರೆ ಬಸವನಂತೆ, ದಕ್ಷಿಣದಿಂದ ಲಿಂಗದಂತೆ, ಪಶ್ಚಿಮದಿಂದ ಗಣಪತಿಯಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಕುದೂರು ಅದರ ನೈಋತ್ಯಕ್ಕಿದೆ. ಹಾಗಾದರೆ ಕುದೂರಿನವರಿಗೆ ಕಾಣುವುದೇನು? ಅರ್ಧ ಲಿಂಗ, ಅರ್ಧ ಗಣಪತಿ ಎಂಬುದು ನನ್ನ ಊಹೆ. ಚೈನು ಕೈಯಲ್ಲಿ ಹಿಡಿದು, ಬೆವರು ಕಣ್ಣಿಗಿಳಿಯುತ್ತಾ ನೋಡಿದಾಗ ನನಗೆ ಅದು ದೊಡ್ಡದೊಂದು ಮುದ್ದೆಯಂತೆ ಕಂಡಿತು. ಐದನೆಯ ದರ್ಶನವೆಂದು ಇದನ್ನು ದಾಖಲಿಸುತ್ತೇನೆ. ಇನ್ನೊಂದು ಎಚ್ಚರಿಕೆ: ಆ ಬೆಟ್ಟದ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆಂದು ಪ್ರತೀತಿ. ಕರಗಿದ್ದು ಮತ್ತೆ ಗಟ್ಟಿಯಾಗುವ ಜಾಗ ಅದು. ಮೈಕೊಬ್ಬು ಕರಗಿಸಲು ಸೈಕಲ್ಲಿನಲ್ಲಿ ಹೊರಟವರು ಈ ಸ್ಥಳಮಹಿಮೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಬುಡ ತಲುಪಿದ ಮೇಲೂ ಮುಂದಿರುವುದು ಮೆಟ್ಟಿಲು, ಅಲ್ಲಿಂದ ಸೈಕಲ್ಲು ಸವಾರನ ಮೇಲೆ ಸವಾರಿ ಮಾಡತಕ್ಕದ್ದು. ನಾನು ಬುಡ ತಲುಪಲಿಲ್ಲ. ಕುದೂರಿನ ಕಡೆ ಹೊರಟಿದ್ದ ಹುಲ್ಲಿನ ಟ್ರ್ಯಾಕ್ಟರು ತಲುಪಿದಲ್ಲಿಗೆ ತಲುಪಿದೆ.

ಈ ಶೋಧವನ್ನು ಮುಂದುವರಿಸಬಯಸುವ ವಿದ್ವಾಂಸರಿಗೆ ಸೈಕಲ್ಲು ಅತ್ತೆಮನೆಯ ಕೊಟ್ಟಿಗೆಯಲ್ಲಿ, ಎಮ್ಮೆಯ ಬಲಗಡೆ, ಸಿಗುತ್ತದೆ. ಬೆಳಗ್ಗೆ ಹಾಲು ಕರೆದಾದ ಮೇಲೆ, ಮುದ್ದೆಗೆ ಎಸರಿಡುವ ಮೊದಲು ಬರಬೇಕು. ಹಿಂದಿನ ಚಕ್ರದಲ್ಲಿ ಗಾಳಿಯಿಲ್ಲ. ಪಂಪು ನೀವೇ ತನ್ನಿ.